ಕೆಂಪು ತೋಳಿನ ಪೂರ್ವಕಥೆ

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಜನ ಕೇಳಿಕೆಯೆಂದು ಕರೆಯುವ ಮೂಡಲಪಾಯದ ಬಯಲಾಟವನ್ನು ಕಂಡವರಿಗೆ ಸಾರಥಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾದುದಿಲ್ಲ. ರಂಗಕ್ಕೆ ಬಂದ ವೇಷಧಾರಿಯನ್ನು ತಡೆದು, ತಾವಾರು, ತಮ್ಮ ಸ್ಥಳ ಯಾವುದು, ಇಲ್ಲಿಗೆ ಬಂದ ಕಾರಣವೇನು ಎಂದು ವಿನಯದಿಂದ ವಿಚಾರಿಸುವುದು ಅವನ ಕಾರ್ಯ. ಬಂದವನು ತನ್ನ ವೃತ್ತಾಂತವನ್ನು ತನ್ನ ಬಾಯಿಂದಲೇ ಹೇಳಿಕೊಂಡ ಬಳಿಕವಲ್ಲದೆ ಕಥೆ ಮುಂದಕ್ಕೆ ಸಾಗದು. ಇರುಳೆಲ್ಲ ನಡೆಯತಕ್ಕ ಆ ಆಟದಲ್ಲಿ ಕಾಲಕ್ಕೆ ಕೊರತೆಯಿಲ್ಲವಾದುದರಿಂದ ಈ ಪ್ರಶ್ನೆಯ ಮರ್ಯಾದೆ ಸಣ್ಣಪುಟ್ಟ ಪಾತ್ರಗಳಿಗೂ ದೊರೆಯುವುದುಂಟು. ಎರಡು ಗಂಟೆಗಳಲ್ಲಿ ಬ್ರಹ್ಮಾಂಡವನ್ನೇ ಸುತ್ತಿಸಿ ತರಬೇಕಾದ ಚಲನಚಿತ್ರಕ್ಕೆ ಅಷ್ಟು ವ್ಯವಧಾನವಿಲ್ಲ. ಅಲ್ಲಿ ನೂರಾರು ಮುಖಗಳು ಕ್ಷಣಮಾತ್ರ ಮಿಂಚಿ ಮರೆಯಾಗುವುವು. ಅವುಗಳನ್ನು ಕೇಳಬೇಕಾಗಿದ್ದ ಪ್ರಶ್ನೆ ಪ್ರೇಕ್ಷಕನ ಮನಸ್ಸಿನಲ್ಲಿಯೇ ಉಳಿದುಬಿಡುವುದು. ಹಾಗೆ ಉಳಿದ ಪ್ರಶ್ನೆಯೊಂದಕ್ಕೆ ಉತ್ತರವಾಗಿ ಹುಟ್ಟಿದ ಗಗನಸಾಹಸದ ಚಿತ್ರಕಥೆಯೊಂದನ್ನು, ಎಂದರೆ ಕಾಮಿಕ್ಸ್ ಪುಸ್ತಕವೊಂದನ್ನು, ಇಲ್ಲಿ ವಿಮರ್ಶಿಸಬೇಕೆಂದಿದ್ದೇನೆ.

ಮಂಚೇನಹಳ್ಳಿಯಲ್ಲಿ ಕುಳಿತು ಅಮೆರಿಕದ ಅಂತರಿಕ್ಷಕಥೆಯನ್ನು ಕುರಿತು ಬರೆಯುವುದು ಅಸಂಗತವೆಂದು ನನಗೆ ತೋರದು. ನೆರೆಯ ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿಯೇ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನೆಟ್ಟು, 34.5 ಮೆಗಾಹರ್ಟ್ಸಿನಷ್ಟು ಕೆಳಗಿನ ಆವರ್ತಾಂಕದಲ್ಲಿ ಆಕಾಶವನ್ನು ಪರಿಶೀಲಿಸತೊಡಗಿದುವು. ನಕ್ಷತ್ರಲೋಕದ ವಾರ್ತೆ ಈ ಸೀಮೆಗೆ ಅಪರಿಚಿತವಲ್ಲ.

ಜಾರ್ಜ್ ಲ್ಯೂಕಸ್ 1977ರಲ್ಲಿ ಆರಂಭಿಸಿದ ಸ್ಟಾರ್ ವಾರ್ಸ್ ಚಿತ್ರಮಾಲೆಯ ಏಳನೆಯ ಕಂತಾದ ‘ದಿ ಫೋರ್ಸ್ ಅವೇಕನ್ಸ್’ 2015ರ ಡಿಸೆಂಬರಿನಲ್ಲಿ ತೆರೆಗೆ ಬಂದಿತು. ಮೊದಲ ಚಿತ್ರದಿಂದಲೂ ಪ್ರೇಕ್ಷಕರಿಗೆ ಪರಿಚಿತನಾದ, ಅರವತ್ತು ಲಕ್ಷಕ್ಕೂ ಮೀರಿದ ಭಾಷಾಪ್ರಕಾರಗಳನ್ನು ಬಲ್ಲೆನೆಂದು ಹೇಳಿಕೊಳ್ಳುವ, ಸದಾ ಭಯಗ್ರಸ್ತನೂ ಅತಿವಿನಯಿಯೂ ಆದ ಸಿ-ಥ್ರೀಪಿಯೋ ಎಂಬ ಹೊಂಬಣ್ಣದ ಯಂತ್ರಮಾನವ ಅದರಲ್ಲಿ ಕಾಣಿಸಿಕೊಂಡಾಗ ಅವನ ಎಡತೋಳು ಮಾತ್ರ ಕೆಂಪಾಗಿದ್ದಿತು. ಬಹುಕಾಲದ ಮೇಲೆ ಎದುರಾದ ಹಳೆಯ ಸಂಗಾತಿ ಹಾನ್ ಸೋಲೋವಿಗೆ ಅವನು, ಈ ಕೆಂಪು ತೋಳಿನಿಂದಾಗಿ ತಮಗೆ ನನ್ನ ಗುರುತು ಹತ್ತಿರಲಾರದು ಎಂಬರ್ಥದ ಮಾತೊಂದನ್ನು ಆಡುವನು. ಜನ ನಗುವರು; ಚಿತ್ರ ಮುಂದೆ ಸಾಗುವುದು. ಆ ತೋಳು ಯಾರದೆಂಬುದನ್ನು 2016ರ ಏಪ್ರಿಲಿನಲ್ಲಿ ಮಾರ್ವೆಲ್ ಪ್ರಕಾಶನ ಒಂದೇ ಸಂಚಿಕೆಯಾಗಿ ಹೊರತಂದ ‘ದಿ ಫ್ಯಾಂಟಮ್ ಲಿಂಬ್’ ಎಂಬ ಚಿತ್ರಕಥೆ ತಿಳಿಸಿತು. ಕಥೆ ಜೇಮ್ಸ್ ರಾಬಿನ್ಸನ್ನರದು, ಚಿತ್ರ ಟೋನಿ ಹ್ಯಾರಿಸ್ಸರದು. 1994ರಲ್ಲಿ ‘ಸ್ಟಾರ್‌ಮ್ಯಾನ್’ ಮಾಲಿಕೆಯನ್ನು ಹೊಸತಾಗಿ ಕಟ್ಟಿ ಕೀರ್ತಿ ಪಡೆದ ಜೋಡಿ ಇವರದೇ.

ಕಥಾವಸ್ತು ಸರಳವಾದುದು. ಟೌಲ್ ಎಂಬ ಕ್ರೂರಗ್ರಹದಲ್ಲಿ ನೌಕೆಯೊಂದು ಬಿದ್ದು ಒಡೆದಿದೆ. ಅದರಲ್ಲಿದ್ದ ಮನುಷ್ಯರೆಲ್ಲ ಸತ್ತು ಥ್ರೀಪಿಯೋವೂ ಸೇರಿ ಕೆಲವು ಯಂತ್ರಗಳು ಮಾತ್ರ ಉಳಿದಿವೆ. ಅವುಗಳಲ್ಲಿ ಓಮ್ರಿ ಎಂಬುವನು ಶತ್ರುಪಕ್ಷದವನು, ಬಂದಿ. ಸೆರೆಸಿಕ್ಕಿದ, ಥ್ರೀಪಿಯೋವಿನ ಪಕ್ಷದ ಸೇನಾನಿ ಆಡ್ಮಿರಲ್ ಆಕ್‌ಬಾರನನ್ನು ಎಲ್ಲಿ ಇಟ್ಟಿರುವರೆಂಬ ರಹಸ್ಯ ಅವನೊಬ್ಬನಿಗೆ ಗೊತ್ತು. ರಕ್ಷಕರಿಗೆ ಸಂಕೇತ ಕಳುಹಿಸಲು ಹೊರಟ ಈ ಸಣ್ಣ ತಂಡ ಜೇಡಗಳಿಗೂ ಜಲಚರಗಳಿಗೂ ಒಬ್ಬೊಬ್ಬರಾಗಿ ಬಲಿಯಾಗುತ್ತ, ಕಟ್ಟಕಡೆಗೆ ಒಂದು ತೋಳನ್ನು ಕಳೆದುಕೊಂಡ ಥ್ರೀಪಿಯೋ ಮತ್ತು ಅವನ ಬಂದಿ ಇಬ್ಬರೇ ಉಳಿಯುವರು. ಲೋಹವನ್ನು ತಿನ್ನುವ ಆಮ್ಲದ ಮಳೆ ಆರಂಭವಾಗುವುದು. ಆಗ ಓಮ್ರಿ ರಹಸ್ಯವನ್ನು ತಾನಾಗಿಯೇ ಹೇಳುವನು. ಹೇಳುವುದು ಪಕ್ಷಾಂತರದಿಂದಲ್ಲ, ಸ್ನೇಹದಿಂದ. ಬಳಿಕ ಸಂಕೇತಯಂತ್ರವನ್ನು ಚಾಲನೆಗೊಳಿಸುವುದಕ್ಕಾಗಿ ಒಬ್ಬನೇ ಮಳೆಗೆ ಇಳಿಯುವನು.

ಈ ಕೃತಿಯ ಹೃದಯವಿರುವುದು ಅಲ್ಲಿ. ಮಳೆ ಬಿದ್ದಂತೆಲ್ಲ ಅವನ ಮೈಮೇಲಿನ ಬಣ್ಣ ಕರಗಿ, ಕಾರ್ಖಾನೆಯಲ್ಲಿ ಮೊದಲು ಬಳಿದಿದ್ದ ಕೆಂಪು ಅಸ್ತರು ಕಾಣತೊಡಗುವುದು. ಯಾವ ಪಕ್ಷದ ಬಣ್ಣವೂ ತನ್ನ ಮೇಲೆ ಬೀಳುವುದಕ್ಕೆ ಮುಂಚೆ ತಾನೇನಾಗಿದ್ದನೋ ಆ ಸ್ಥಿತಿಯಲ್ಲಿ ಅವನು ಸಾಯುವನು. ಹ್ಯಾರಿಸ್ಸರು ಎದುರಿಸಿದ ಕಷ್ಟವನ್ನು ಇಲ್ಲಿ ನೆನೆಯಬೇಕು. ಮನುಷ್ಯಪಾತ್ರವನ್ನು ಬರೆಯುವ ಚಿತ್ರಕಾರನಿಗೆ ಹುಬ್ಬು, ತುಟಿ, ರೆಪ್ಪೆಗಳೆಂಬ ಸಾಧನಗಳುಂಟು. ಥ್ರೀಪಿಯೋವಿನ ಮುಖವಾದರೋ ಹುಟ್ಟಿದಂದಿನಿಂದ ಅಲುಗದ ಲೋಹ. ದುಃಖವನ್ನಾಗಲಿ ವಿಸ್ಮಯವನ್ನಾಗಲಿ ಕತ್ತಿನ ಓರೆಯಿಂದ, ಮೊಳಕೈಯ ಬಾಗಿನಿಂದ, ಎರಡು ದೇಹಗಳ ನಡುವಣ ಅಂತರದಿಂದ ಸೂಚಿಸಬೇಕೇ ಹೊರತು ಬೇರೆ ದಾರಿಯಿಲ್ಲ. ಭಾವವನ್ನು ಮುಖದ ಮೇಲೆ ಬರೆಯಲಾಗದಿದ್ದೆಡೆ ಅದನ್ನು ವರ್ಣದಲ್ಲಿಯೇ ಬರೆದುದು, ಮಾತಿನ ಕಥೆಗೂ ಚಲನಚಿತ್ರಕ್ಕೂ ಇಷ್ಟು ಸಹಜವಾಗಿ ಒದಗದ, ಚಿತ್ರಕಥೆಗೆ ಮಾತ್ರವೇ ವಿಶಿಷ್ಟವಾದ ಸಿದ್ಧಿಯೆಂದು ನಾನು ತಿಳಿದಿದ್ದೇನೆ.

ದಾರಿಯುದ್ದಕ್ಕೂ ಆ ಇಬ್ಬರು ಚರ್ಚಿಸುವ ವಿಷಯ ಸ್ಮೃತಿ. ಯಂತ್ರಗಳ ನೆನಪನ್ನು ಒಡೆಯರು ಬೇಕೆಂದಾಗ ಅಳಿಸಿಬಿಡುವರು. ಥ್ರೀಪಿಯೋವಿನದನ್ನು ಅಳಿಸಿದುದನ್ನು 2005ರ ‘ರಿವೆಂಜ್ ಆಫ್ ದಿ ಸಿತ್’ ಚಿತ್ರದ ಕೊನೆಯಲ್ಲಿಯೇ ಕಂಡಿದ್ದೇವೆ. ಅಳಿಸಿದ ಮೇಲೂ ಏನೋ ಉಳಿಯುವುದು, ತಮ್ಮದೆಂದು ಹೇಳಲಾಗದ ಛಾಯೆಗಳು ಆಗಾಗ ಸುಳಿಯುವುವು ಎಂಬುದು ಅವರಿಬ್ಬರ ಅನುಭವ. ಇದನ್ನು ಓದುವಾಗ ಭಾರತೀಯ ಓದುಗನಿಗೆ ಶಾಕುಂತಲದ ಐದನೆಯ ಅಂಕ ನೆನಪಾಗದೆ ಇರದು. ಶಾಪದಿಂದ ಶಕುಂತಲೆಯನ್ನು ಮರೆತ ದುಷ್ಯಂತನು ಹಂಸಪದಿಕೆಯ ಗಾನವನ್ನು ಕೇಳಿ, ಕಾರಣವಿಲ್ಲದೆ ವ್ಯಾಕುಲನಾಗಿ, ಇದು ಜನ್ಮಾಂತರದ ಸ್ನೇಹಗಳ ಸಂಸ್ಕಾರವಿರಬಹುದೇ ಎಂದು ಶಂಕಿಸುವನು. ಆ ಹಂಸಪದಿಕೆಯಾದರೂ ಎಂತಹವಳು! ನಾಟಕದಲ್ಲಿ ಒಮ್ಮೆಯೂ ಕಣ್ಣಿಗೆ ಬೀಳದವಳು, ತೆರೆಯ ಹಿಂದಣಿಂದ ಒಂದು ಹಾಡನ್ನು ಹಾಡಿ ಮುಗಿದುಹೋಗುವವಳು. ಆದರೂ ರಾಜನ ಅಂತರಂಗದ ಬಾಗಿಲನ್ನು ತೆರೆಯುವ ಕೀಲಿ ಅವಳ ಕೈಯಲ್ಲಿದ್ದಿತು. ರಾಬಿನ್ಸನ್ನರು ಕಾಳಿದಾಸನನ್ನು ಓದಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಪುನರ್ಜನ್ಮವನ್ನು ನಂಬದ ಯಂತ್ರಲೋಕದ ಕಥೆಯೊಂದು ತನ್ನ ದಾರಿಯಲ್ಲಿಯೇ ನಡೆದು ವಾಸನಾವಿಚಾರದ ಸಮೀಪಕ್ಕೆ ಬಂದುದು ಮುಖ್ಯ.

ಅಲ್ಪಪಾತ್ರಗಳಿಗೆ ಪೂರ್ವವೃತ್ತವನ್ನು ಕಲ್ಪಿಸುವ ರೂಢಿ ಈ ಚಿತ್ರಮಾಲೆಯ ಸುತ್ತ ಬಹಳ ಬೆಳೆದಿದೆ. ಬೆಳೆದುದೆಲ್ಲ ಒಂದೇ ತೂಕದ್ದಲ್ಲ. 1977ರ ಚಿತ್ರದಲ್ಲಿ ಮರುಭೂಮಿಯ ರೈತನೊಬ್ಬನು ಕೆಂಪುಬಣ್ಣದ ಪುಟ್ಟ ಯಂತ್ರವೊಂದನ್ನು ಕೊಳ್ಳುವನು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಕೆಟ್ಟು ಹೊಗೆಯುಗುಳಲು, ಅದರ ಬದಲಿಗೆ ಥ್ರೀಪಿಯೋವಿನ ಸಂಗಾತಿಯಾದ ಆರ್‌ಟೂ-ಡೀಟೂವನ್ನು ಕೊಳ್ಳುವನು. ಇಡೀ ಕಥೆ ಆ ಆಕಸ್ಮಿಕದ ಮೇಲೆ ನಿಂತಿದೆ. ಪೀಟರ್ ಡೇವಿಡ್ಡರು 1999ರ ಹಾಸ್ಯ ಚಿತ್ರಕಥೆಯೊಂದರಲ್ಲಿ ಆ ಕೆಂಪು ಯಂತ್ರಕ್ಕೆ ದಿವ್ಯಶಕ್ತಿಯನ್ನೇ ಆರೋಪಿಸಿ, ಭವಿಷ್ಯವನ್ನು ಕಂಡು ಅದು ತನ್ನನ್ನು ತಾನೇ ಬಲಿಗೊಟ್ಟಿತೆಂದು ಬರೆದರು. ರೇ ಕಾರ್ಸನ್ 2017ರ ಸಣ್ಣ ಕಥೆಯಲ್ಲಿ ಅದೇ ಘಟನೆಯನ್ನು ಎತ್ತಿಕೊಂಡು ಯಾವ ದಿವ್ಯಶಕ್ತಿಯನ್ನೂ ಕೊಡದೆ, ಬಹುಕಾಲದಿಂದ ಮಾರಾಟವಾಗದೆ ಉಳಿದ ಯಂತ್ರವೊಂದು ಬಿಡುಗಡೆಯ ಅವಕಾಶ ದೊರೆತ ಗಳಿಗೆಯಲ್ಲಿಯೇ ಇನ್ನೊಬ್ಬರ ಮೊರೆಗೆ ಓಗೊಟ್ಟು ಅದನ್ನು ಬಿಟ್ಟುಕೊಟ್ಟಿತೆಂದು ತೋರಿಸಿದರು. ಎರಡನೆಯದು ಉತ್ತಮವಾದುದೆಂದು ಹೇಳಲು ನನಗೆ ಸಂಶಯವಿಲ್ಲ. ಅಲ್ಪನಿಗೆ ಕಿರೀಟವನ್ನಿಟ್ಟು ದೊಡ್ಡವನನ್ನಾಗಿ ಮಾಡುವುದು ಅವನನ್ನು ಗೌರವಿಸಿದಂತೆ ಕಂಡರೂ, ಅವನು ಅಲ್ಪನಾಗಿದ್ದಾಗ ಗೌರವಕ್ಕೆ ಪಾತ್ರನಾಗಿರಲಿಲ್ಲವೆಂದು ಒಪ್ಪಿಕೊಂಡಂತೆಯೇ ಸರಿ. ಓಮ್ರಿ ಯಾವ ಶಕ್ತಿಯನ್ನೂ ಪಡೆಯದೆ, ಯಾವ ಪದವಿಗೂ ಏರದೆ, ತಾನಿದ್ದ ಹಾಗೆಯೇ ಇದ್ದು ಒಂದು ಆಯ್ಕೆಯನ್ನು ಮಾಡುವನು.

ಇಂತಹ ವಿವೇಕ ನಮ್ಮ ಸೀಮೆಯ ಜನರಲ್ಲಿ ಹಿಂದಿನಿಂದಲೂ ಇದ್ದಿತು. ಗೌರಿಬಿದನೂರನ್ನು ದಾಟಿ ಹಿಂದೂಪುರದ ಕಡೆಗೆ ಹೋಗುವಲ್ಲಿ ಸಿಕ್ಕುವ ವಿದುರಾಶ್ವತ್ಥದ ಸ್ಥಳಪುರಾಣವನ್ನು ನೋಡಿರಿ. ಭಾರತಕಥೆಯಲ್ಲಿ ದಾಸೀಪುತ್ರನಾಗಿ ಹುಟ್ಟಿ, ಸಿಂಹಾಸನದ ಪಕ್ಕದಲ್ಲಿ ನಿಂತು ನೀತಿ ಹೇಳಿ, ಯಾರ ಕಿವಿಗೂ ಬೀಳದೆ ಹೋದ ವಿದುರನಿಗೆ ನಮ್ಮವರು ಒಂದು ಕಥಾಶೇಷವನ್ನು ಕಲ್ಪಿಸಿದರು. ಆದರೆ ಅದರಲ್ಲಿ ಅವನಿಗೆ ರಾಜ್ಯವನ್ನು ಕೊಡಲಿಲ್ಲ, ಆಯುಧವನ್ನು ಕೊಡಲಿಲ್ಲ, ನೆಡುವುದಕ್ಕೆ ಒಂದು ಅಶ್ವತ್ಥದ ಸಸಿಯನ್ನು ಕೊಟ್ಟರು. ಅವನು ನೆಟ್ಟುದೆಂದು ನಂಬಿದ ಆ ಮಹಾವೃಕ್ಷ ಈ ಶತಮಾನದ ಆರಂಭದಲ್ಲಿ ಉರುಳಿಹೋದರೂ ಸುತ್ತಲೂ ಹರಕೆಯ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆಂದು ಅಲ್ಲಿ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಮಡಿದವರೂ ಚರಿತ್ರೆಯ ದೊಡ್ಡ ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಪಡೆಯದ ಹಳ್ಳಿಗರು. ಅವರ ಪೂರ್ವಕಥೆಗಳು ನಮಗಿನ್ನೂ ಬೇಕಾಗಿವೆಯೆಂಬುದನ್ನು ಪ್ರಸಂಗವಶಾತ್ ಇಲ್ಲಿ ಹೇಳಿಬಿಡುತ್ತೇನೆ.

ಇನ್ನು ಕನ್ನಡ ಕಾವ್ಯಕ್ಕೆ ಬಂದರೆ, ಈ ವಿದ್ಯೆಯ ಪರಮೋಚ್ಚ ನಿದರ್ಶನ ಕುವೆಂಪುರವರ ಮಂಥರೆ. ವಾಲ್ಮೀಕಿಯು ಅವಳನ್ನು ರಂಗಕ್ಕೆ ತರುವಾಗ, ಕೈಕೇಯಿಯ ತವರಿನಿಂದ ಬಂದ ದಾಸಿ, ಎಲ್ಲಿಯೋ ಹುಟ್ಟಿದವಳು ಎಂದಷ್ಟೇ ಹೇಳಿ ಅವಳನ್ನು ಉಪ್ಪರಿಗೆಗೆ ಹತ್ತಿಸಿಬಿಡುವನು. ಕಾವ್ಯಗಳು ಉಪೇಕ್ಷಿಸಿದ ಸ್ತ್ರೀಯರನ್ನು ಕುರಿತು ರವೀಂದ್ರರು ಬಂಗಾಳಿಯಲ್ಲಿ ಪ್ರಬಂಧ ಬರೆದಾಗ ಊರ್ಮಿಳೆಯನ್ನು ನೆನೆದರು. ಕುವೆಂಪುರವರು 1949ರಲ್ಲಿ ಹೊರಬರತೊಡಗಿದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಊರ್ಮಿಳೆಗೆ ತಪಸ್ಸನ್ನು ಕೊಟ್ಟುದಲ್ಲದೆ, ಯಾರೂ ಕನಿಕರಿಸದಿದ್ದ ಮಂಥರೆಗೂ ಒಂದು ಹೃದಯವನ್ನು ಕೊಟ್ಟರು. ಜಗತ್ತೆಲ್ಲ ಹೇಸಿಕೊಂಡ ಕುರೂಪಿಗೆ ಕೈಕೆಯೂ ಭರತನೂ ಇಬ್ಬರೇ ಪ್ರಪಂಚವಾಗಿ, ಆ ಮಮತೆಯೇ ಹೊರಕ್ಕೆ ಹರಿಯಲು ದಾರಿಯಿಲ್ಲದೆ ಸುಳಿಯಾಗಿ ಅಯೋಧ್ಯೆಯನ್ನು ನುಂಗಿತು. ಇದರಿಂದ ಅವಳ ಕೃತ್ಯದ ಭಾರ ಎಳ್ಳಷ್ಟೂ ಕಡಮೆಯಾಗಲಿಲ್ಲ, ಅದರ ಮೂಲ ಕಂಡಿತು ಅಷ್ಟೆ. ಮತ್ತು ಒಮ್ಮೆ ಅದನ್ನು ಕಂಡವನು ವಾಲ್ಮೀಕಿಗೆ ಮರಳಿದಾಗ ಅದೇ ಉಪ್ಪರಿಗೆಯ ದೃಶ್ಯವನ್ನು ಹಿಂದಿನಂತೆ ಓದಲಾರನು.

ಮೂಲಕೃತಿಗೆ ಮರಳಿದಾಗ ಅದು ಬೇರೆಯಾಗಿ ಕಾಣಬೇಕೆಂಬ ಈ ಪರೀಕ್ಷೆಯನ್ನೇ ಚಿತ್ರಕಥೆಗೂ ಒಡ್ಡಬೇಕು. ಅದಕ್ಕೆ ಮುಂಚೆ ಅದರ ದೋಷಗಳನ್ನು ಹೇಳುವುದು ನ್ಯಾಯ. ಓಮ್ರಿಯ ಹೊರತು ತಂಡದ ಉಳಿದ ಯಂತ್ರಗಳಿಗೆ ಲೇಖಕರು ವ್ಯಕ್ತಿತ್ವವನ್ನು ಕೊಡಲು ಸಾಕಷ್ಟು ಯತ್ನಿಸಲಿಲ್ಲ. ಒಬ್ಬನು ಕಾವಲಿನವನು, ಒಬ್ಬನು ವೈದ್ಯ, ಒಬ್ಬನು ಕಟ್ಟಡದ ಕೆಲಸದವನು ಎಂದು ಕಸುಬನ್ನಷ್ಟೇ ತಿಳಿಸಿ, ಪುಟ ತಿರುಗುವಷ್ಟರಲ್ಲಿ ಅವರನ್ನು ಜೇಡಗಳಿಗೆ ಒಪ್ಪಿಸಿಬಿಡುವರು. ಉಪೇಕ್ಷಿತನೊಬ್ಬನನ್ನು ಉದ್ಧರಿಸಹೊರಟ ಕಥೆ ಅದೇ ದಾರಿಯಲ್ಲಿ ಇನ್ನು ಕೆಲವರನ್ನು ಉಪೇಕ್ಷಿಸಿದುದು ನನಗೆ ಬಹಳ ನೋವಿನ ಸಂಗತಿಯಾಗಿ ತೋರಿತು. ಇದಲ್ಲದೆ, ನಾವು ಯಾವ ಪಕ್ಷದವರೆಂಬುದನ್ನು ನಾವೇ ಆರಿಸಿಕೊಂಡೆವೇ, ಒಡೆಯರು ನಮ್ಮಲ್ಲಿ ತುಂಬಿದರೇ ಎಂಬ ಓಮ್ರಿಯ ಪ್ರಶ್ನೆ ಅತ್ಯಂತ ಗಂಭೀರವಾದುದಾದರೂ ಸಂಭಾಷಣೆಯಲ್ಲಿ ಅದು ಅಗತ್ಯಕ್ಕಿಂತ ಸ್ಪಷ್ಟವಾಗಿ ನುಡಿಯಲ್ಪಟ್ಟಿದೆ. ಮಳೆಯ ದೃಶ್ಯ ಧ್ವನಿಯಿಂದ ಸಾಧಿಸಿದುದನ್ನು ಹಿಂದಿನ ಪುಟಗಳ ವಾಚ್ಯ ಮುಂಚಿತವಾಗಿಯೇ ಅರ್ಧ ವ್ಯಯಮಾಡಿಬಿಟ್ಟಿದೆ. ಒಂದೇ ಸಂಚಿಕೆಯ ಇಕ್ಕಟ್ಟು ಇದಕ್ಕೆ ಕಾರಣವಿರಬಹುದು.

ಆದರೂ ಪರೀಕ್ಷೆಯಲ್ಲಿ ಈ ಕೃತಿ ಗೆಲ್ಲುವುದು. ಸತ್ತ ಸಂಗಾತಿಯ ತೋಳನ್ನು ಥ್ರೀಪಿಯೋ ತೊಟ್ಟುಕೊಂಡುದು ಅವನ ನೆನಪನ್ನು ಉಳಿಸಿಕೊಳ್ಳುವುದಕ್ಕಾಗಿ. ಅಳಿಸಿಬಿಡಬಹುದಾದ ಸ್ಮೃತಿಯನ್ನು ಅವನು ಮೈಯ ಹೊರಗೆ, ಎಲ್ಲರ ಕಣ್ಣೆದುರಿಗೆ ಇಟ್ಟುಕೊಂಡನು. ಇದನ್ನು ತಿಳಿದವನು ಚಲನಚಿತ್ರಕ್ಕೆ ಮರಳಿದರೆ ಹಾನ್ ಸೋಲೋವಿನ ಮುಂದೆ ಅವನಾಡಿದ ಆ ಮಾತು ವಿನೋದವಾಗಿ ಕೇಳಿಸದು. ಮಾತುಗಾರನಾದ ಆ ಯಂತ್ರ ಕೆಂಪು ತೋಳನ್ನು ಹೆಸರಿಸಿ, ಇದು ಯಾರದೆಂದು ಯಾರಾದರೂ ಕೇಳಲಿ ಎಂದು ಒಂದು ಕ್ಷಣ ಕಾಯುವಂತಿದೆ, ಯಾರೂ ಕೇಳುವುದಿಲ್ಲ. ಇನ್ನೂ ಮುಂದೆ ಹೋಗಿ ಚಿತ್ರದ ಕೊನೆಯನ್ನು ನೋಡಿದರೆ ಅವನ ತೋಳು ಮತ್ತೆ ಹೊಂಬಣ್ಣಕ್ಕೆ ತಿರುಗಿರುವುದು. ಯಾವಾಗ ಬದಲಾಯಿತು, ಕೆಂಪು ತೋಳು ಎಲ್ಲಿ ಹೋಯಿತು ಎಂಬುದಕ್ಕೆ ಚಿತ್ರದಲ್ಲಿ ಒಂದು ಶಬ್ದವೂ ಇಲ್ಲ. ಚಿತ್ರಕಥೆ ಪ್ರಕಟವಾದುದು ನಾಲ್ಕು ತಿಂಗಳ ಮೇಲೆ. ಆದುದರಿಂದ ಚಿತ್ರವನ್ನು ಮಾಡಿದವರ ಮೇಲೆ ಅಪರಾಧವನ್ನು ಹೊರಿಸಲಾಗದು. ಆದರೆ ಓಮ್ರಿಯ ಕಥೆಯನ್ನು ಓದಿದವನಿಗೆ, ಎಲ್ಲರೂ ಸಂಭ್ರಮದಿಂದಿರುವ ಆ ದೃಶ್ಯದಲ್ಲಿ ಹೊಳೆಯುವ ಹೊಸ ತೋಳಿನಷ್ಟು ಅಪ್ರಿಯವಾದ ವಸ್ತು ಬೇರೊಂದಿಲ್ಲ. ರಾಬಿನ್ಸನ್ ಮತ್ತು ಹ್ಯಾರಿಸ್ಸರ ಕೃತಿಗೆ ಇದಕ್ಕಿಂತ ದೊಡ್ಡ ಪ್ರಶಂಸೆಯನ್ನು ನಾನು ಬಲ್ಲವನಲ್ಲ.