ಎ.ಸಿ. ಕೋರ್ಟಿನಲ್ಲಿ ಅಪ್ಪ-ಅಮ್ಮ

ಮೈಸೂರಿನ 84 ವರ್ಷದ ತಾಯಿಯೊಬ್ಬರು ಹೆಣ್ಣುಮಕ್ಕಳ ಆಸರೆಯಲ್ಲಿದ್ದು, ಇಬ್ಬರು ಗಂಡುಮಕ್ಕಳಿಂದ ಜೀವನಾಂಶ ಕೇಳಿದರು. ಉಪವಿಭಾಗಾಧಿಕಾರಿ (ಎ.ಸಿ.) ತಿಂಗಳಿಗೆ ತಲಾ 5,000 ರೂಪಾಯಿ ಕೊಡಿ ಎಂದರು. ಜಿಲ್ಲಾಧಿಕಾರಿ (ಡಿ.ಸಿ.) ಅದನ್ನು ತಲಾ 10,000ಕ್ಕೆ ಏರಿಸಿದರು. ಗಂಡುಮಕ್ಕಳು ಹೈಕೋರ್ಟ್ ಮೆಟ್ಟಿಲೇರಿದರು. ಅಷ್ಟು ಕೊಡುವ ತಾಕತ್ತಿಲ್ಲ, ಅಮ್ಮ ಬೇಕಾದರೆ ನಮ್ಮ ಮನೆಗೇ ಬಂದಿರಲಿ ಎಂಬುದು ಅವರ ವಾದ. 2023ರ ಜುಲೈನಲ್ಲಿ ಹೈಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ದುಡಿಯಬಲ್ಲ ಗಂಡಸು ಹೆಂಡತಿಯನ್ನು ಸಾಕಲೇಬೇಕು ಎಂದಾದರೆ ಹೆತ್ತ ತಾಯಿಗೆ ಆ ಮಾತು ಏಕೆ ಅನ್ವಯಿಸಬಾರದು ಎಂದು ಕೇಳಿತು.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007 ಆ ತಾಯಿಗೆ ನೆರವಾಯಿತು. ಇಷ್ಟರ ಮಟ್ಟಿಗೆ ಅದು ಒಳ್ಳೆಯ ಕಾಯ್ದೆ. ಅದಕ್ಕೆ ಮೊದಲೂ ಕಾನೂನು ಇರಲಿಲ್ಲವೆಂದಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರಿಂದ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಮದುವೆಯಾದ ಮಗಳೂ ಅಪ್ಪ-ಅಮ್ಮನ ಹೊಣೆ ಹೊರಬೇಕೆಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿತ್ತು. ಆದರೆ ಅವೆಲ್ಲ ವಕೀಲರು, ವಾಯಿದೆಗಳು, ವರ್ಷಗಳ ದಾರಿ. 2007ರ ಕಾಯ್ದೆ ಈ ಕೆಲಸವನ್ನು ಎ.ಸಿ. ಕಚೇರಿಗೆ ತಂದಿತು. ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನೂ 30 ದಿನ. ಮೊಮ್ಮಕ್ಕಳೂ ಹೊಣೆಗಾರರು, ಮಲತಾಯಿಯೂ ಹಕ್ಕುದಾರಳು. ಮಕ್ಕಳಿಲ್ಲದ ಹಿರಿಯರ ಆಸ್ತಿಗೆ ವಾರಸುದಾರರಾಗುವವರೂ ತಪ್ಪಿಸಿಕೊಳ್ಳುವಂತಿಲ್ಲ. ವಕೀಲರಿಗೆ ಪ್ರವೇಶವೇ ಬೇಡ ಎಂಬ ನಿಯಮವೂ ಇತ್ತು. ಅದನ್ನು ಕೆಲವು ಹೈಕೋರ್ಟುಗಳು ಒಪ್ಪಲಿಲ್ಲ.

ದೋಷ ಮೊದಲು ಕಾಣುವುದು ಮೊತ್ತದಲ್ಲಿ. ಮೈಸೂರಿನ ತಾಯಿಗೆ ಇಬ್ಬರು ಮಕ್ಕಳಿಂದ ಸೇರಿ ಅದಕ್ಕಿಂತ ಹೆಚ್ಚು ಸಿಕ್ಕಿದರೂ, ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ ಎಂದು 2007ರಲ್ಲಿ ಹಾಕಿದ ಗೆರೆ ಕಾಯ್ದೆಯಲ್ಲಿ ಹಾಗೇ ಉಳಿದಿದೆ. ಅದನ್ನು ತೆಗೆದು, ಅಳಿಯ-ಸೊಸೆಯರನ್ನೂ ಹೊಣೆಗೆ ಸೇರಿಸುವ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಅವಧಿಯೊಂದಿಗೆ ಅದರ ಆಯಸ್ಸೂ ಮುಗಿಯಿತು. ಕೀಲುನೋವು, ಸಕ್ಕರೆ ಕಾಯಿಲೆ, ಮನೆ ಬಾಡಿಗೆ ಎಲ್ಲವೂ ಈ ಮೊತ್ತದೊಳಗೇ ತೀರಬೇಕು.

ನನ್ನ ಮುಖ್ಯ ತಕರಾರು ಇದಲ್ಲ. ಹಸಿದ ತಂದೆ-ತಾಯಿಗಾಗಿ ಹುಟ್ಟಿದ ಕಾಯ್ದೆ ಬರಬರುತ್ತಾ ಆಸ್ತಿ ಬರೆದುಕೊಟ್ಟ ತಂದೆ-ತಾಯಿಯ ಕಾಯ್ದೆಯಾಗಿದೆ. ಇದು ಸುದ್ದಿಯಾಗುವುದೇ ಹೆಚ್ಚಾಗಿ 23ನೇ ಕಲಮಿನಿಂದ: ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ, ಜಮೀನು ಬರೆಸಿಕೊಂಡ ಮಗ ಮಾತು ತಪ್ಪಿದರೆ ಆ ದಾನಪತ್ರ ರದ್ದು. ಬರೆದುಕೊಟ್ಟವರಿಗೆ ಇದು ದೊಡ್ಡ ಆಸರೆ, ನಿಜ. ಉಯಿಲಾದರೆ ಬದುಕಿರುವಷ್ಟು ದಿನ ಬದಲಿಸಬಹುದು, ದಾನಪತ್ರಕ್ಕೆ ಆ ಸೌಲಭ್ಯವಿಲ್ಲ. ಆದರೂ ನಮ್ಮಲ್ಲಿ ಕಣ್ಣಿದ್ದಾಗಲೇ ಖಾತೆ ಮಾಡಿಕೊಟ್ಟುಬಿಡುವ ಅವಸರ. ಅಂಥ ಷರತ್ತು ಇತ್ತೆಂಬುದು ಸಾಬೀತಾಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿತು. 2025ರ ಜನವರಿಯಲ್ಲಿ, ದಾನಪತ್ರದ ಜೊತೆಗೇ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನು ನೋಡಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಅದೇ ಕೋರ್ಟ್ ದಾನವನ್ನು ರದ್ದುಪಡಿಸಿತು. ಮಗನ ಬಾಯಿಮಾತು ನಂಬಿ ಹೆಬ್ಬೆಟ್ಟು ಒತ್ತಿದ ಹಳ್ಳಿಯ ಅಜ್ಜಿ ಈ ಎರಡು ತೀರ್ಪುಗಳ ನಡುವೆ ಎಲ್ಲಿ ನಿಲ್ಲಬೇಕು?

ಆಸ್ತಿ ನಡುವೆ ಬಂದರೆ ಕಾಯ್ದೆ ಆಯುಧವೂ ಆಗುತ್ತದೆ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಗಂಡ ಕೊಂಡ ನಿವೇಶನ ಅವನ ಅಪ್ಪನಿಗೆ ಮಾರಾಟವಾಗಿ, ಅಪ್ಪನಿಂದ ಅಮ್ಮನಿಗೆ ದಾನವಾಗಿ ಹೋಗಿತ್ತು. ದಂಪತಿಯ ನಡುವೆ ವಿಚ್ಛೇದನದ ಜಗಳ. ಅತ್ತೆ-ಮಾವ ಇದೇ ಕಾಯ್ದೆ ಹಿಡಿದು ಸೊಸೆಯನ್ನು ಮನೆ ಬಿಡಿಸಲು ಹೊರಟರು. ಎ.ಸಿ., ಡಿ.ಸಿ., ಹೈಕೋರ್ಟ್ ಮೂವರೂ ಹೂಂ ಎಂದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಗಸಿಗೆ ಕೊಟ್ಟ ವಾಸದ ಹಕ್ಕನ್ನು ಹೀಗೆ ಸರಸರನೆ ಕಿತ್ತುಕೊಳ್ಳಲಾಗದು ಎಂದಿತು. ಮುದುಕರಿಗೆ ಗಂಜಿ ಕಾಯಿಸಿ, ಹಾಸಿಗೆ ಬದಲಿಸುವವಳು ಬಹುಪಾಲು ಮನೆಗಳಲ್ಲಿ ಸೊಸೆಯೇ. ಜೀವನಾಂಶದ ಲೆಕ್ಕದಲ್ಲಿ ಆ ದುಡಿಮೆಗೆ ಕಾಲಂ ಇಲ್ಲ.

ಇನ್ನು ಬರೆದುಕೊಡಲು ಏನೂ ಇಲ್ಲದವರು. ಹೆತ್ತವರನ್ನು ಆಸ್ಪತ್ರೆಗೆ ಸೇರಿಸಿ ಮಕ್ಕಳು ತಿರುಗಿ ನೋಡದ ಪ್ರಕರಣಗಳು 2025ರಲ್ಲಿ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್‌ನಿಂದ ಹೊರಬಂದಾಗ, ಅಂಥ ಮಕ್ಕಳಿಗಾದ ಆಸ್ತಿ ವರ್ಗಾವಣೆ ರದ್ದು ಮಾಡಿಸಲು ವೈದ್ಯಕೀಯ ಶಿಕ್ಷಣ ಸಚಿವರು ಸೂಚಿಸಿದರು. ಆಸ್ತಿಯೇ ಇಲ್ಲದಿದ್ದರೆ ರದ್ದು ಮಾಡುವುದೇನನ್ನು? ದಿನಗೂಲಿಯ ಮಗನ ಮೇಲೆ ಆದೇಶವಾದರೂ ವಸೂಲಿ ಎಲ್ಲಿಂದ? ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿನಲ್ಲಿರುವವನು ಅಂದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಬಿಟ್ಟುಹೋದ ಅಪರಾಧಕ್ಕೆ ಮೂರು ತಿಂಗಳವರೆಗಿನ ಸಜೆ, 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಎನ್ನುವ 24ನೇ ಕಲಮಿನಿಂದಲೂ ಮುದುಕಿಯ ತಟ್ಟೆಗೆ ಅನ್ನ ಬೀಳುವುದಿಲ್ಲ.

ಇಂಥವರಿಗಾಗಿಯೇ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ಕಟ್ಟುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿದೆ. ಮಕ್ಕಳಿಗೆ ನೋಟಿಸು, ಗಡುವು, ಜೈಲು. ಸರ್ಕಾರಕ್ಕೆ ಇವು ಯಾವುವೂ ಇಲ್ಲ. ಕಾಯ್ದೆಯನ್ನು ಓದಿ ಮುಗಿಸಿದಾಗ ನನಗೆ ಅನಿಸುವುದು ಇದು: ಸ್ವಲ್ಪ ಆಸ್ತಿಯೂ ಸ್ವಲ್ಪ ಸಂಬಳದ ಮಕ್ಕಳೂ ಇರುವ ಮಧ್ಯಮ ವರ್ಗದ ಹಿರಿಯರಿಗೆ ಇದು ಕೆಲಸಕ್ಕೆ ಬರುತ್ತದೆ, ಎರಡೂ ಇಲ್ಲದವರನ್ನು ಕೈಬಿಡುತ್ತದೆ. 80 ತುಂಬದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ಈ ಕಾಯ್ದೆ ಬಂದ 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. ಇಂದಿಗೂ ಅದು 200 ರೂಪಾಯಿಯೇ.