ಅಕ್ಕಿ ಅಳೆಯುವ ಕೈ

ಜಪಾನಿನ ‘ಹೊತಾರು ನೊ ಹಾಕಾ’, ಅಂದರೆ ‘ಮಿಂಚುಹುಳುಗಳ ಗೋರಿ’, ಚಿತ್ರ ನೋಡಿದ ಹಲವರು ಅದರಲ್ಲಿ ಬರುವ ಅತ್ತೆಯನ್ನು ಬಯ್ಯುತ್ತಾರೆ. ನನಗೇಕೋ ಸಿಟ್ಟೆಲ್ಲವನ್ನೂ ಅವಳ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ.

ಇಸಾವೊ ತಕಹಾತಾ 1988ರಲ್ಲಿ ತೆಗೆದ ಈ ಕಾರ್ಟೂನ್ ಚಿತ್ರ ಮಕ್ಕಳ ಆಟದ್ದಲ್ಲ. 1945ರಲ್ಲಿ ಅಮೆರಿಕದ ವಿಮಾನಗಳು ಕೋಬೆ ನಗರದ ಮೇಲೆ ಬೆಂಕಿಬಾಂಬು ಸುರಿಸುತ್ತವೆ. ಮರದ ಮನೆಗಳು ಸಾಲುಸಾಲಾಗಿ ಉರಿಯುತ್ತವೆ. ಸುಟ್ಟಗಾಯಗಳಿಂದ ತಾಯಿ ಸತ್ತ ಮೇಲೆ 14 ವರ್ಷದ ಸೆಯ್ತಾ, 4 ವರ್ಷದ ತಂಗಿ ಸೆತ್ಸುಕೋಳೊಡನೆ ಅತ್ತೆಯ ಮನೆ ಸೇರುತ್ತಾನೆ. ತಾಯಿಯ ಕಿಮೋನೊಗಳು ಅಕ್ಕಿಯಾಗುತ್ತವೆ. ದುಡಿಯುವವರಿಗೆ ಅನ್ನ, ಈ ಮಕ್ಕಳಿಗೆ ಗಂಜಿ. ಚುಚ್ಚುಮಾತು ತಾಳದೆ ಇಬ್ಬರೂ ಹೊರಬೀಳುತ್ತಾರೆ. ಯುದ್ಧ ಮುಗಿದ ಮೇಲೆ ಮಗು ಹಸಿವಿನಿಂದ ಸಾಯುತ್ತದೆ.

ಅತ್ತೆ ಮಾಡಿದ್ದು ಕ್ರೂರವೇ. ಆದರೆ ಅಕ್ಕಿ ಡಬ್ಬಿಯ ತಳ ಕಂಡ ದಿನ ಸೌಟು ಮೊದಲು ಯಾರ ಬಟ್ಟಲಿಗೆ ಬಾಗುತ್ತದೆ ಎಂಬುದನ್ನು ಅಡುಗೆಮನೆ ಬಲ್ಲ ನಾವು ಎದೆ ಮುಟ್ಟಿಕೊಂಡು ಹೇಳಬೇಕು. ಬಾಂಬು ಹಾಕಿದವನ ಮುಖ ನಮಗೆ ಕಾಣುವುದಿಲ್ಲ. ಕಾಣುವವಳು ಅತ್ತೆ, ಶಾಪವೂ ಅವಳಿಗೇ. ಇದನ್ನು ಚಿತ್ರದ ಕೊರತೆ ಎನ್ನುವವರಿರಬಹುದು. ನನಗೆ ಇದೇ ಅದರ ಸತ್ಯ: ಮೇಲಿನಿಂದ ಬಿದ್ದ ಬೆಂಕಿ ಮನೆಯೊಳಗಿನ ಕರುಣೆಯನ್ನೂ ಸುಡುತ್ತದೆ.

ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ 1945ರಲ್ಲಿ ಪುಟ್ಟ ತಂಗಿಯನ್ನು ಹಸಿವಿಗೇ ಕಳೆದುಕೊಂಡವರು. ಅದೇ ವರ್ಷದ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಒಂದೇ ರಾತ್ರಿಯ ಬೆಂಕಿದಾಳಿಗೆ ಸುಮಾರು 1 ಲಕ್ಷ ಜನ ಬಲಿಯಾದರೆಂದು ಅಂದಾಜು. ಬೆಂಕಿ ಆರಿದ ಮೇಲೆ ಬರಿದಾದ ಬಟ್ಟಲಿನ ಮುಂದೆ ಸತ್ತ ಮಕ್ಕಳನ್ನು ಯಾವ ಲೆಕ್ಕದಲ್ಲಿ ಬರೆಯೋಣ?