ಕೊಯ್ದ ಹೂವಿನ ಮುಪ್ಪು: ಒಂದು ಹಳೆಯ ಪ್ರಬಂಧದ ಪುನರ್ವಿಮರ್ಶೆ

ಕೊಯ್ದ ಹೂಗಳ ಮುಪ್ಪಿಗೆ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಕಾರಣವೆಂದು ನಿರೂಪಿಸುವವರು, ೧೯೦೮ರಲ್ಲಿ ವಿಲಿಯಂ ಕ್ರಾಕರ್ ಮತ್ತು ಲೀ ನೈಟ್ ಎಂಬ ವಿದ್ವಾಂಸರು ‘ಬೊಟಾನಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸ್ಮರಿಸುವುದು ವಾಡಿಕೆಯಾಗಿದೆ. ಆ ಪ್ರಬಂಧವನ್ನು ಹಾರ್ಮೋನು ಸಿದ್ಧಾಂತದ ಮೊದಲ ಅಧ್ಯಾಯವೆಂದು ಓದುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪ್ರಬಂಧದ ಸಂದರ್ಭವನ್ನು ನೋಡೋಣ. ಷಿಕಾಗೋ ನಗರದ ಹಸಿರುಮನೆಗಳಲ್ಲಿ ಕಾರ್ನೇಷನ್ ಮೊಗ್ಗುಗಳು ಅರಳದೆ, ಅರಳಿದ ಹೂಗಳು ಮುಚ್ಚಿಕೊಂಡು ಬೆಳೆಗಾರರಿಗೆ ನಷ್ಟವುಂಟಾಗಿತ್ತು. ಈ ಮುಚ್ಚುವಿಕೆಯನ್ನು ಅವರು ಹೂವಿನ ‘ನಿದ್ರೆ’ಯೆಂದು ಕರೆಯುತ್ತಿದ್ದರು. ದೀಪಗಳಿಗಾಗಿ ಕೊಳವೆಗಳಲ್ಲಿ ಹರಿಯುತ್ತಿದ್ದ ಅನಿಲದ ಸೋರಿಕೆಯ ಮೇಲೆ ಸಂದೇಹವಿತ್ತು. ಕ್ರಾಕರ್ ಮತ್ತು ನೈಟ್ ಆ ಅನಿಲವನ್ನೂ ಅದರಲ್ಲಿನ ಎಥಿಲೀನನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರು. ೨೦,೦೦,೦೦೦ ಭಾಗ ಗಾಳಿಯಲ್ಲಿ ೧ ಭಾಗ ಎಥಿಲೀನ್ ಇದ್ದರೂ ೧೨ ಗಂಟೆಗಳಲ್ಲಿ ಅರಳಿದ ಹೂಗಳು ಮುಚ್ಚಿಕೊಂಡವು. ದೀಪದ ಅನಿಲದ ವಿಷಗುಣವು ಅದರಲ್ಲಿರುವ ಎಥಿಲೀನಿನಿಂದಲೇ ನಿರ್ಧಾರವಾಗುತ್ತದೆಂಬ ಅವರ ತೀರ್ಮಾನವು ಅಳತೆಯ ಆಧಾರದ ಮೇಲೆ ನಿಂತದ್ದು. ಪ್ರಬಂಧದ ನಿಜವಾದ ಗುಣವು ಇದೇ ಆಗಿದೆ.

ಆದರೆ ಇಲ್ಲಿ ಎಥಿಲೀನ್ ಹೊರಗಿನಿಂದ ಬಂದ ವಿಷವೇ ಹೊರತು ಹೂವು ತಾನೇ ಉತ್ಪಾದಿಸುವ ವಸ್ತುವಲ್ಲ. ಮಾಗುವ ಸೇಬುಗಳು ಎಥಿಲೀನನ್ನು ಹೊರಸೂಸುತ್ತವೆಂದು ಇಂಗ್ಲೆಂಡಿನ ಗೇನ್ ರಾಸಾಯನಿಕವಾಗಿ ಸಿದ್ಧಪಡಿಸಿದ್ದು ೧೯೩೪ರಲ್ಲಿ. ಅದನ್ನು ಹಾರ್ಮೋನೆಂದು ಪರಿಗಣಿಸಬೇಕೆಂದು ಕ್ರಾಕರ್ ಮತ್ತು ಸಹೋದ್ಯೋಗಿಗಳು ವಾದಿಸಿದ್ದು ೧೯೩೫ರಲ್ಲಿ. ಕಾರ್ನೇಷನ್ ಹೂವೂ ಮುಪ್ಪಡರುವಾಗ ತಾನೇ ಈ ಅನಿಲವನ್ನು ವಿಪುಲವಾಗಿ ಬಿಡುತ್ತದೆಂಬುದು ಅನಿಲ ವರ್ಣರೇಖನದಂತಹ ಸೂಕ್ಷ್ಮ ವಿಧಾನಗಳಿಂದ ಸ್ಪಷ್ಟವಾಯಿತು. ಹೀಗೆ ನಗರದ ಕೊಳವೆಯಲ್ಲಿ ದೊರೆತ ಅಪರಾಧಿಯೇ ಹೂವಿನ ಒಳಗೂ ಕಾಣಿಸಿಕೊಂಡಿತು. ೧೯೦೮ರ ಬರಹದಲ್ಲಿಯೇ ಹಾರ್ಮೋನನ್ನು ಕಾಣುವವರು ಪ್ರಶ್ನೆಯಲ್ಲಾದ ಈ ಮಹತ್ತರ ಪರಿವರ್ತನೆಯನ್ನೇ ಕಳೆದುಕೊಳ್ಳುತ್ತಾರೆ. ಮುಂದಿನ ಕಾಲದ ಅರಿವನ್ನು ಹಿಂದಿನವರ ಮೇಲೆ ಆರೋಪಿಸುವುದು ಗೌರವದಂತೆ ತೋರಿದರೂ ಅವರ ನಿಜವಾದ ಸಾಧನೆಯನ್ನು ಮರೆಮಾಡುತ್ತದೆ.

ಇನ್ನೊಂದು ದೋಷವೆಂದರೆ ಒಂದು ಹೂವಿನ ಚರಿತ್ರೆಯನ್ನು ಎಲ್ಲ ಹೂಗಳ ಚರಿತ್ರೆಯೆಂದು ಹೇಳುವುದು. ಬೆಳ್ಳಿಯ ಥಯೋಸಲ್ಫೇಟು ಎಥಿಲೀನಿನ ಪ್ರಭಾವವನ್ನು ತಡೆದು ಕಾರ್ನೇಷನ್ ಹೂವಿನ ಆಯುಷ್ಯವನ್ನು ಹೆಚ್ಚಿಸುತ್ತದೆಂದು ೧೯೭೮ರಲ್ಲಿ ಪ್ರಕಟವಾಯಿತು. ಆದರೆ ಗ್ಲಾಡಿಯೋಲಸ್, ಐರಿಸ್ ಹೂಗಳ ದಳಗಳು ಬಾಡುವುದಕ್ಕೆ ಎಥಿಲೀನ್ ಮುಖ್ಯ ಕಾರಣವಲ್ಲ. ಅವುಗಳಿಗೆ ಈ ಉಪಚಾರದಿಂದ ವಿಶೇಷ ಪ್ರಯೋಜನವಿಲ್ಲ. ಗುಲಾಬಿಯಲ್ಲಿ ತಳಿಯಿಂದ ತಳಿಗೆ ವ್ಯತ್ಯಾಸವುಂಟು. ಕಾಂಡದ ನೀರ್ನಾಳಗಳನ್ನು ಬ್ಯಾಕ್ಟೀರಿಯಾಗಳು ಮುಚ್ಚುವುದರಿಂದಲೂ ಅದು ಬೇಗ ಬಾಡುತ್ತದೆ. ಸೈಟೊಕೈನಿನ್ನುಗಳು ಹಲವು ಹೂಗಳಲ್ಲಿ ಮುಪ್ಪನ್ನು ಮುಂದೂಡಿದರೆ, ಅಬ್ಸಿಸಿಕ್ ಆಮ್ಲವು ಅದನ್ನು ತ್ವರೆಗೊಳಿಸಬಲ್ಲದು. ಆದುದರಿಂದ ಎಥಿಲೀನನ್ನು ಹೂಗಳ ಏಕೈಕ ಮೃತ್ಯುಕಾರಕವೆಂದು ವರ್ಣಿಸುವುದು ಶಾಸ್ತ್ರಸಮ್ಮತವಲ್ಲ. ಇದು ಕೇವಲ ಪದಗಳ ವಿವಾದವೂ ಅಲ್ಲ: ಆ ವರ್ಣನೆಯನ್ನು ನಂಬಿದ ವ್ಯಾಪಾರಿಯು ಎಲ್ಲ ಹೂಗಳಿಗೂ ಒಂದೇ ಮದ್ದನ್ನು ಕೊಂಡು ವೃಥಾ ವ್ಯಯ ಮಾಡುತ್ತಾನೆ, ಬೆಳ್ಳಿಯೆಂಬ ಭಾರಲೋಹವೂ ನಿಷ್ಕಾರಣವಾಗಿ ನೀರಿಗೆ ಸೇರುತ್ತದೆ.

ವಿಜ್ಞಾನದ ಹಳೆಯ ಪ್ರಬಂಧವನ್ನು ಓದುವ ವಿದ್ಯಾರ್ಥಿಯು ಮೊದಲು ಕೇಳಬೇಕಾದುದು ಅದರ ಕರ್ತೃಗಳು ಯಾವ ಪ್ರಶ್ನೆಗೆ ಉತ್ತರವನ್ನು ಅರಸುತ್ತಿದ್ದರೆಂಬುದನ್ನು. ಆ ಉತ್ತರವು ಯಾವ ವಸ್ತುವಿನ ಮಟ್ಟಿಗೆ ಸಿದ್ಧವಾಯಿತೆಂಬುದು ಅನಂತರದ ವಿಚಾರ. ಕ್ರಾಕರ್ ಮತ್ತು ನೈಟರ ಪ್ರಬಂಧವು ಈ ಎರಡೂ ವಿಷಯಗಳಲ್ಲಿ ತನ್ನ ಎಲ್ಲೆಯನ್ನು ಮೀರಿಲ್ಲ. ಮೀರಿದವರು ಅದರ ವ್ಯಾಖ್ಯಾನಕಾರರು.